ಮೊಳಕೆ ಆವನಿಯಲ್ಲೂ ಉಂಟು, ನೊರೆ ಮಾತ್ರ ಬೆಂಗಳೂರಲ್ಲಿ!

ಆವನಿ: ರಾಮಲಿಂಗೇಶ್ವರನ ಗುಡಿಯ ಈ ಊರಲ್ಲಿ ರಾಗಿ ಮೊಳಕೆ ಕಟ್ಟುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ರಾತ್ರಿ ನೆನೆಹಾಕು, ಬೆಳಿಗ್ಗೆ ಬಟ್ಟೆಯಲ್ಲಿ ಗಂಟು ಕಟ್ಟು, ಮೊಳಕೆ ಬಂದ ಮೇಲೆ ಒಣಗಿಸಿ, ಹುರಿದು, ಬೀಸು. ಮಗುವಿಗೆ ಮಾಲ್ಟು ರೆಡಿ. ಇದೇ ರೀತಿ ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಬೀರಿನ ಅರ್ಧ ಕೆಲಸ ಮುಗಿಯಿತು!

ಉಳಿದರ್ಧ ನಡೆಯುವುದು ಬೆಂಗಳೂರು ದಾರಿಯಲ್ಲಿ. ಮುಳಬಾಗಿಲಲ್ಲಿ ಬಸ್ಸು ಹತ್ತಿದವರು ಹೊಸಕೋಟೆ ದಾಟಿ, ಕೆ.ಆರ್. ಪುರ ಸೇರುವ ಮೊದಲು ಹಿರಂಡಹಳ್ಳಿ ಹಾಯುತ್ತಾರೆ. ಅಲ್ಲಿ 'ಗೈಸ್ಟ್' ಎಂಬ ಸಣ್ಣ ಬೀರು ಕಾರ್ಖಾನೆ 2017ರಲ್ಲಿ ಶುರುವಾಯಿತು. ಇಂದಿರಾನಗರದ 'ಟಾಯ್ಟ್' 2010ರದು. ಬೆಂಗಳೂರಿಗೆ ಬೀರು ಹೊಸದೇನಲ್ಲ, ಯುನೈಟೆಡ್ ಬ್ರೂವರೀಸ್ ಕಂಪನಿ ಹುಟ್ಟಿದ್ದೇ 1915ರಲ್ಲಿ. ಆದರೆ ಈ ಸಣ್ಣವರು ಮಾರುವುದು ಯೂರೋಪಿನ ಹಳೇ ಪದ್ಧತಿಯ ರುಚಿ.

ರುಚಿ ನೋಡುವವರ ಮುಂದೆ ಪುಟ್ಟ ಲೋಟಗಳ ಸಾಲು ಬರುತ್ತದೆ. ಬವೇರಿಯಾ ಪದ್ಧತಿಯ ಗೋಧಿ ಬೀರು ಮಬ್ಬು ಮಬ್ಬು. ಮೂಗಿಗೆ ಹಿಡಿದರೆ ಬಾಳೆಹಣ್ಣು, ಲವಂಗದ ವಾಸನೆ. ಎರಡನ್ನೂ ಯಾರೂ ಹಾಕಿರೋದಿಲ್ಲ, ಎಲ್ಲ ಯೀಸ್ಟಿನ ಕರಾಮತ್ತು. ಬೆಲ್ಜಿಯಂ ಪದ್ಧತಿಯದಕ್ಕೆ ಕಿತ್ತಳೆ ಸಿಪ್ಪೆ, ಧನಿಯ ನಿಜವಾಗಿಯೇ ಬೀಳುತ್ತವೆ. ಧನಿಯ ಸಾರಿಗೆ ತಾನೆ ಅಂದವರು ಕುಡಿದು ನೋಡಬೇಕು! ಕಂದು ಬಣ್ಣದ 'ಡುಂಕೆಲ್'ಗೆ ಮಾಲ್ಟನ್ನು ಹೆಚ್ಚು ಹುರಿದಿರುತ್ತಾರೆ. ಅದರಲ್ಲಿ ಕೆಂಪಗೆ ಬೆಂದ ರೊಟ್ಟಿಯಂಚಿನ ರುಚಿ.

ಸಂಪ್ರದಾಯವೇನೋ ಸರಿ. ಆದರೆ ಯಾರದು?

ರಾಗಿಯಿಂದಲೂ ಬೀರಾಗುತ್ತದೆ. ಸಿಕ್ಕಿಂ, ನೇಪಾಳದ ಬೆಟ್ಟದವರು ಹುದುಗಿದ ರಾಗಿಗೆ ಬಿಸಿನೀರು ಹುಯ್ದು ಕೊಳವೆಯಲ್ಲಿ ಹೀರುತ್ತಾರೆ. ಉಗಾಂಡದಲ್ಲೂ ರಾಗಿ ಬೀರುಂಟು. ಬಾರ್ಲಿಯ ಹಾಗೆ ರಾಗಿಗೆ ಹೊಟ್ಟು ಅಂಟಿಕೊಂಡಿರುವುದಿಲ್ಲ, ಸೋಸುವುದು ಕಷ್ಟ. ಬಾರ್ಲಿ ಜೊತೆ ಬೆರೆಸಿದರೆ ಆ ತೊಡಕು ಕಡಿಮೆ.

ಈಗ ಅಂಗಡಿ ಲೆಕ್ಕ ಹಾಕೋಣ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಕಿಲೋಗೆ 49 ರೂಪಾಯಿಯೂ ಬೀಳಲಿಲ್ಲ. ಲೋಟ ಬೀರಿಗೆ 300 ರೂಪಾಯಿ ಕೊಟ್ಟವನು ಒಂದೇ ಗುಟುಕಿನ ಮೋಜಿಗೆ ಆರು ಕಿಲೋ ರಾಗಿ ಇಳಿಸಿದ ಹಾಗಾಯಿತು!

ಇದು ಕುಡಿತದ ಹೊಗಳಿಕೆಯಲ್ಲ. ಸಾರಾಯಿ ಏನು ಮಾಡಿತ್ತು ಅಂತ ಹಳ್ಳಿಯ ಹೆಂಗಸರನ್ನು ಕೇಳಬೇಕು. 2007ರ ಜುಲೈ 1ರಿಂದ ರಾಜ್ಯದಲ್ಲಿ ಅದು ನಿಂತಿತು. ಆವನಿಗೆ ಇನ್ನೊಂದು ಕುಡಿತದ ಅಂಗಡಿ ಬೇಕಾಗಿಲ್ಲ.

ಆದರೆ ಪಟ್ಟಣ ಹೇಗೂ ಕುಡಿಯುತ್ತದೆ. ಹಂಡೆಗೆ ಬೀಳುವ ಕಾಳಿನಲ್ಲಿ ಒಂದು ಪಾಲು ಮುಳಬಾಗಿಲು ಸೀಮೆಯ ಮೊಳಕೆ ರಾಗಿಯಾದರೆ, ಮೊಳಕೆ ಕಟ್ಟುವ ಕೈಗೂ ನಾಲ್ಕು ಕಾಸು ಸಿಗುತ್ತದೆ. ರಸ್ತೆ ಒಂದೇ. ಜನ ಹೋಗುವ ದಾರಿಯಲ್ಲಿ ಮೂಟೆಯೂ ಹೋಗಲಿ, ದುಡ್ಡು ವಾಪಸು ಬರಲಿ.