ಪಿಕಪ್ ಗಾಡಿಗಳ ಸ್ಪ್ರಿಂಗೂ ಭಾರದ ಮಟ್ಟವೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗು ಜೀವನಾಧಾರವಾದ ಬೆಳೆಯೆಂಬುದು ಸರ್ವವಿದಿತವಾದ ಸಂಗತಿ. ಕೊಯ್ದ ಕಾಯನ್ನು ಎಂಟರಿಂದ ಹನ್ನೆರಡು ತಿಂಗಳು ಅಟ್ಟದ ಮೇಲಿರಿಸಿ, ಉಂಡೆ ಕೊಬ್ಬರಿ ಮಾಡಿ, ತಿಪಟೂರಿನ ಮಾರುಕಟ್ಟೆಗೆ ಒಯ್ಯುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ಹಿಂದೆ ಈ ಸಾಗಾಟಕ್ಕೆ ಎತ್ತಿನ ಗಾಡಿಯೇ ಆಧಾರವಾಗಿದ್ದಿತು. 2005ನೆಯ ಇಸವಿಯಲ್ಲಿ ಟಾಟಾ ಏಸ್ ಎಂಬ ಸಣ್ಣ ಮೋಟಾರು ಪೇಟೆಗೆ ಬಂದ ತರುವಾಯ ಲಘು ಸರಕು ಗಾಡಿಗಳು ಹಳ್ಳಿಹಳ್ಳಿಗೂ ಹರಡಿ, ಕಾಯಿ, ಕೊಬ್ಬರಿ, ಎಳನೀರು, ಗೊಬ್ಬರ, ಕೆರೆಯ ಹೂಳು ಇವೆಲ್ಲಕ್ಕೂ ಈಗ ಪಿಕಪ್ ಗಾಡಿಯೇ ವಾಡಿಕೆಯಾಗಿದೆ.

ಭಾರ ಹೇರಿದೊಡನೆ ಗಾಡಿಯ ಹಿಂಭಾಗ ಕುಸಿದು ಮುಂಭಾಗ ಮೇಲೇಳುವುದನ್ನು ಕಂಡ ಮಾಲೀಕರು, ಹೆಚ್ಚು ಪ್ಲೇಟು ಹಾಕಿಸಿಯೋ, ಆಕ್ಸಲಿಗೂ ಸ್ಪ್ರಿಂಗಿಗೂ ನಡುವೆ ಕಬ್ಬಿಣದ ದಿಮ್ಮಿ ಇಡಿಸಿಯೋ ಗಾಡಿಯನ್ನು ಎತ್ತರಿಸುವುದುಂಟು. ಕುಸಿತದ ಕಾರಣವನ್ನು ಅರಿಯದೆ ಹೀಗೆ ಮಾಡಿಸಿದಲ್ಲಿ ಹಣ ನಷ್ಟವಾಗುವುದಲ್ಲದೆ, ಪ್ರಾಣಹಾನಿಯ ಸಂಭವವೂ ಉಂಟು. ಆದುದರಿಂದ ಈ ವಿಷಯವನ್ನು ಹಿಡುವಳಿದಾರರೂ ಗ್ರಾಮದ ಮುಖಂಡರೂ ಚೆನ್ನಾಗಿ ತಿಳಿದಿರುವುದು ಅವಶ್ಯಕ.

ಸ್ಪ್ರಿಂಗಿನ ಕಾರ್ಯ

ಪಿಕಪ್ ಗಾಡಿಯ ಹಿಂಭಾಗದಲ್ಲಿ ಬಾಗಿದ ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿ, ಸೆಂಟರ್ ಬೋಲ್ಟಿನಿಂದ ಒಟ್ಟುಗೂಡಿಸಿ, ಯು-ಬೋಲ್ಟುಗಳಿಂದ ಆಕ್ಸಲಿಗೆ ಬಿಗಿದಿರುತ್ತಾರೆ. ಭಾರವನ್ನು ಹೊರುವುದು ಈ ಪ್ಲೇಟುಗಳು. ಷಾಕ್ ಅಬ್ಸಾರ್ಬರು ಭಾರ ಹೊರುವುದಿಲ್ಲ. ಸ್ಪ್ರಿಂಗಿನ ಕುಣಿತವನ್ನು ಅಡಗಿಸುವುದಷ್ಟೇ ಅದರ ಕೆಲಸ. ಕುಸಿದ ಗಾಡಿಗೆ ಹೊಸ ಷಾಕ್ ಅಬ್ಸಾರ್ಬರು ಹಾಕಿಸಿದ ಮಾತ್ರದಿಂದ ಗಾಡಿ ಮೇಲೇಳದು.

ಪ್ಲೇಟಿನ ಬಿಗಿಯು ಅದರ ದಪ್ಪವನ್ನು ಬಹಳವಾಗಿ ಅನುಸರಿಸುತ್ತದೆ. ಉದ್ದ ಅಗಲಗಳು ಒಂದೇ ಆಗಿದ್ದು ದಪ್ಪವು ಎರಡರಷ್ಟಾದರೆ ಬಿಗಿಯು ಎಂಟರಷ್ಟಾಗುವುದು. ಲಾರಿಯ ಹಳೆಯ ದಪ್ಪ ಪ್ಲೇಟೊಂದನ್ನು ಪಿಕಪ್ಪಿನ ಸೆಟ್ಟಿನೊಳಗೆ ತೂರಿಸಿದರೆ, ಅದೊಂದೇ ಬಹುಪಾಲು ಭಾರವನ್ನು ಹೊತ್ತು ಉಳಿದವು ಕೆಲಸವಿಲ್ಲದೆ ನಿಲ್ಲುವುವು. ಖಾಲಿ ಗಾಡಿ ಹಾರಿ ಬೀಳುವುದು. ಕಡೆಗೆ ಆ ಪ್ಲೇಟಾಗಲಿ, ಚಾಸಿಯ ಕೊಂಡಿಯಾಗಲಿ ಮುರಿಯುವುದು.

ಮೊದಲು ಭಾರದ ಲೆಕ್ಕ

ಒಳ್ಳೆಯ ಸ್ಪ್ರಿಂಗುಳ್ಳ ಗಾಡಿಯೂ ಅತಿಭಾರಕ್ಕೆ ಕುಸಿದೇ ತೀರುವುದು. ನೋಂದಣಿ ಪತ್ರದಲ್ಲಿ ಗಾಡಿಯ ಖಾಲಿ ತೂಕವೂ ಒಟ್ಟು ತೂಕವೂ ನಮೂದಾಗಿರುತ್ತವೆ. ಒಟ್ಟು ತೂಕ 3,000 ಕಿಲೋ, ಖಾಲಿ ತೂಕ 1,700 ಕಿಲೋ ಇರುವ ಗಾಡಿಯನ್ನು ಉದಾಹರಣೆಗೆ ತೆಗೆದುಕೊಂಡರೆ, ಉಳಿಯುವುದು 1,300 ಕಿಲೋ. ಚಾಲಕನಿಗೂ ಜೊತೆಯವನಿಗೂ 130 ಕಿಲೋ ಕಳೆದರೆ ಸರಕಿಗೆ ದೊರೆಯುವುದು 1,170 ಕಿಲೋ ಮಾತ್ರ. ಸುಲಿದ ಕಾಯಿ ನೂರಕ್ಕೆ 55 ಕಿಲೋ ತೂಗಿದರೆ, ಸುಮಾರು 2,100 ಕಾಯಿಗೆ ಈ ಮಿತಿ ಮುಗಿಯಿತು. ಕಾಯಿಯ ಗಾತ್ರವು ತೋಟದಿಂದ ತೋಟಕ್ಕೆ ಬೇರೆಯಾಗುವುದರಿಂದ ಪ್ರತಿಯೊಬ್ಬರೂ ತಮ್ಮ ನೂರು ಕಾಯನ್ನು ಒಮ್ಮೆ ತೂಗಿ ನೋಡತಕ್ಕದ್ದು.

ಬೇಸಿಗೆಯಲ್ಲಿ ತೋಟಕ್ಕೆ ಹೊಡೆಯುವ ಕೆರೆಯ ಹೂಳಿನ ವಿಚಾರದಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಎಂಟು ಅಡಿ ಉದ್ದ, ಐದೂವರೆ ಅಡಿ ಅಗಲದ ತೊಟ್ಟಿಯಲ್ಲಿ ಒಂದು ಅಡಿ ಎತ್ತರಕ್ಕೆ ಮಣ್ಣು ತುಂಬಿದರೆ 44 ಘನ ಅಡಿಯಾಗುವುದು. ಹಸಿ ಮಣ್ಣು ಘನ ಅಡಿಗೆ 42 ಕಿಲೋ ಎಂದಿಟ್ಟುಕೊಂಡರೂ ತೂಕ 1,800 ಕಿಲೋ ಮೀರುವುದು. ಮೇಲೆ ಹೇಳಿದ ಗಾಡಿಗೆ ಏಳೂವರೆ ಅಂಗುಲದಷ್ಟು ಮಣ್ಣೇ ಮಿತಿ. ತೊಟ್ಟಿ ಅರ್ಧವೂ ತುಂಬಿಲ್ಲವೆಂದು ಕಣ್ಣಳತೆಯಿಂದ ಹೇರಿಸುವವರು ಇದನ್ನು ಮನಗಾಣಬೇಕು.

ಗಾಡಿಯ ಪರೀಕ್ಷೆ

ಭಾರವು ಮಿತಿಯೊಳಗಿದ್ದೂ ಗಾಡಿ ಕುಸಿಯುತ್ತಿದ್ದರೆ ಸ್ಪ್ರಿಂಗನ್ನು ಪರೀಕ್ಷಿಸತಕ್ಕದ್ದು. ಟೈರುಗಳಿಗೆ ಸರಿಯಾಗಿ ಗಾಳಿ ತುಂಬಿ, ಖಾಲಿ ಗಾಡಿಯನ್ನು ಸಮನಾದ ನೆಲದ ಮೇಲೆ ನಿಲ್ಲಿಸಿ, ನಾಲ್ಕು ಕಡೆಯೂ ಚಕ್ರದ ನಡುವಿನಿಂದ ಮೇಲಿನ ಅಂಚಿನವರೆಗೆ ಅಳೆದು ಬರೆದಿಡಬೇಕು. ಮಿತಿಯಷ್ಟು ಭಾರ ಹೇರಿ ಪುನಃ ಅಳೆಯಬೇಕು. ಎಡಬಲಗಳ ಅಳತೆಯಲ್ಲಿ ಎದ್ದು ಕಾಣುವಷ್ಟು ವ್ಯತ್ಯಾಸವಿದ್ದರೆ ಒಂದು ಕಡೆಯ ಪ್ಲೇಟು ಬಿರಿದಿರಬಹುದು, ಇಲ್ಲವೆ ಬಾಗು ಸತ್ತಿರಬಹುದು. ಮಿತಿಭಾರಕ್ಕೇ ರಬ್ಬರು ತಡೆಯು ಆಕ್ಸಲಿಗೆ ತಾಗುತ್ತಿದ್ದರೆ ಸೆಟ್ಟು ಬಳಲಿದೆಯೆಂದು ತಿಳಿಯಬೇಕು. ಸೆಂಟರ್ ಬೋಲ್ಟು, ಯು-ಬೋಲ್ಟು, ಬುಷ್ಷು ಇವುಗಳನ್ನೂ ನೋಡತಕ್ಕದ್ದು.

ಭಾಗಗಳ ಆಯ್ಕೆ

1. ಬಳಲಿದ ಸೆಟ್ಟಿಗೆ ಬದಲಾಗಿ ಅದೇ ಮಾದರಿಯ ಗಾಡಿಗೆಂದು ತಯಾರಾದ ಸೆಟ್ಟನ್ನೇ ಕೊಳ್ಳಬೇಕು. ಎರಡು ಕಡೆಯನ್ನೂ ಒಟ್ಟಿಗೆ ಬದಲಾಯಿಸಬೇಕು, ಯು-ಬೋಲ್ಟುಗಳೂ ಹೊಸವಾಗಿರಬೇಕು. ಕೆಲವು ದಿನ ಓಡಿದ ಮೇಲೆ ಅವನ್ನು ಮತ್ತೊಮ್ಮೆ ಬಿಗಿಸಬೇಕು.

2. ಮುರಿದ ಪ್ಲೇಟಿಗೆ ಬೆಸುಗೆ ಹಾಕಿಸಕೂಡದು. ಹಳೆಯ ಪ್ಲೇಟನ್ನು ಕುಲುಮೆಯಲ್ಲಿ ಕಾಯಿಸಿ ಬಾಗು ಕೊಡಿಸಿದರೆ ಉಕ್ಕಿನ ಹದ ಕೆಡುವುದು. ಅದು ಬೇಗನೆ ಪುನಃ ಚಪ್ಪಟೆಯಾಗುವುದು ಅಥವಾ ಮುರಿಯುವುದು.

3. ಮಿತಿಭಾರವನ್ನೇ ನಿತ್ಯವೂ ಹೊರುವ ಗಾಡಿಗೆ ತಯಾರಕರು ಒಪ್ಪಿದ ಹೆಲ್ಪರ್ ಸ್ಪ್ರಿಂಗು ಉಪಯುಕ್ತವಾದುದು. ಇದು ಖಾಲಿ ಇರುವಾಗ ಸುಮ್ಮನಿದ್ದು ಭಾರ ಬಿದ್ದಾಗ ಮಾತ್ರ ಆಸರೆಯಾಗುವುದು. ಆದರೆ ಇದರಿಂದ ಗಾಡಿಯ ಒಟ್ಟು ತೂಕದ ಮಿತಿ ಹೆಚ್ಚುವುದಿಲ್ಲ. ಚಾಸಿ, ಆಕ್ಸಲು, ಟೈರು, ಬ್ರೇಕು ಮೊದಲಿದ್ದಂತೆಯೇ ಇರುವುವು.

4. ಖಾಲಿ ಗಾಡಿಯ ಹಿಂಭಾಗ ತುಸು ಎತ್ತರವಾಗಿರುವುದು ಸಹಜ. ಮಿತಿಭಾರ ಹೇರಿದಾಗ ಗಾಡಿ ಮಟ್ಟವಾಗಿ ನಿಂತರೆ ಆಯ್ಕೆ ಸರಿಯಾಗಿದೆಯೆಂದು ತಿಳಿಯಬಹುದು.

ದಿಮ್ಮಿಯಿಟ್ಟು ಎತ್ತರಿಸುವುದರ ದೋಷಗಳು

ತೋಟದ ದಾರಿಯ ಕೊರಕಲುಗಳಲ್ಲಿ ತಳ ತಾಗುವುದೆಂದು ಗಾಡಿಯನ್ನು ಎತ್ತರಿಸುವವರಿದ್ದಾರೆ. ಆದರೆ ಸಾಮಾನ್ಯವಾಗಿ ನೆಲಕ್ಕೆ ಎಲ್ಲಕ್ಕಿಂತ ಹತ್ತಿರವಿರುವುದು ಹಿಂದಿನ ಆಕ್ಸಲಿನ ನಡುವಣ ಗುಂಡನೆಯ ಡಿಫರೆನ್ಷಿಯಲ್ ಪೆಟ್ಟಿಗೆ. ಸ್ಪ್ರಿಂಗನ್ನು ಎಷ್ಟು ಎತ್ತರಿಸಿದರೂ ಆ ಪೆಟ್ಟಿಗೆ ಒಂದು ಕೂದಲೆಳೆಯಷ್ಟೂ ಮೇಲೇಳದು. ಅದು ಚಕ್ರದೊಡನೆ ಇದ್ದಲ್ಲಿಯೇ ಇರುವುದು. ಮೇಲೇರುವುದು ತೊಟ್ಟಿಯೂ ಸರಕೂ ಮಾತ್ರ. ಭಾರ ಮೇಲಕ್ಕೆ ಹೋದಷ್ಟೂ, ಕೆರೆಯ ಏರಿಯ ಮೇಲೆ ತಿರುಗುವಾಗ ಗಾಡಿ ಮಗುಚುವ ಭಯ ಹೆಚ್ಚುವುದು.

ಇನ್ನೊಂದು ದೋಷವು ಕಣ್ಣಿಗೆ ಕಾಣದ್ದು. ಅನೇಕ ಪಿಕಪ್ ಗಾಡಿಗಳಲ್ಲಿ ಹಿಂದಿನ ಬ್ರೇಕಿಗೆ ಹೋಗುವ ಒತ್ತಡವನ್ನು ನಿಯಮಿಸುವ ಒಂದು ಕವಾಟವಿರುತ್ತದೆ. ಒಂದು ಸರಳಿನ ಮೂಲಕ ಹಿಂದಿನ ಆಕ್ಸಲಿಗೆ ಜೋಡಿಸಿರುವ ಈ ಕವಾಟವು, ಗಾಡಿ ಎಷ್ಟು ತಗ್ಗಿದೆಯೆಂಬುದರ ಮೇಲೆ ಭಾರವನ್ನು ಗ್ರಹಿಸುತ್ತದೆ. ದಿಮ್ಮಿಯಿಟ್ಟು ಎತ್ತರಿಸಿದರೆ, ತುಂಬಿದ ಗಾಡಿಯೂ ಖಾಲಿಯೆಂದೇ ಎಣಿಕೆಯಾಗಿ ಹಿಂದಿನ ಬ್ರೇಕು ದುರ್ಬಲವಾಗುವುದು. ಚಿಕ್ಕನಾಯಕನಹಳ್ಳಿಯ ಗುಡ್ಡಗಳ ಇಳಿಜಾರಿನಲ್ಲಿ ಕಾಯಿ ಹೇರಿ ಬರುವ ಚಾಲಕನಿಗೆ ಇದು ತಿಳಿಯುವುದು ಬ್ರೇಕು ತುಳಿದಾಗಲೇ. ಹೆಲ್ಪರ್ ಸ್ಪ್ರಿಂಗು ಹಾಕಿಸಿದಾಗಲೂ ಈ ಕವಾಟವನ್ನು ತಯಾರಕರ ಅಧಿಕೃತ ಕಾರ್ಖಾನೆಯಲ್ಲಿ ಸರಿಪಡಿಸಿಕೊಳ್ಳತಕ್ಕದ್ದು.

ಕಾಯಿದೆಯ ವಿಚಾರ

1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದ ಮೇರೆಗೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಡೊಂದಕ್ಕೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ ವಿಧಿಸಬಹುದು. ಅತಿಭಾರಕ್ಕೆ 20,000 ರೂಪಾಯಿ ದಂಡವೂ, ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿಯೂ ಗೊತ್ತುಮಾಡಲ್ಪಟ್ಟಿವೆ. ಅಪಘಾತವಾದಲ್ಲಿ ವಿಮೆಯ ಹಣಕ್ಕೂ ತೊಡಕುಂಟಾಗಬಹುದು.

ಹೇರುವ ಕ್ರಮ

ಎತ್ತಿನ ಗಾಡಿ ಹೊಡೆದವರಿಗೆ ಈ ವಿಷಯವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಭಾರ ಮುಂದಾದರೆ ಎತ್ತಿನ ಹೆಗಲು ಕುಸಿಯುವುದು, ಹಿಂದಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳಿಗೆ ಕಣ್ಣಿ ಬಿಗಿಯುವುದು. ಪಿಕಪ್ಪಿನಲ್ಲಿಯೂ ಭಾರವು ಹಿಂದಿನ ಆಕ್ಸಲಿಗಿಂತ ಹಿಂದೆ ಬಿದ್ದರೆ ಮುಂಚಕ್ರ ಹಗುರಾಗಿ ಸ್ಟೀರಿಂಗು ಹಿಡಿತಕ್ಕೆ ಬಾರದು. ರಾತ್ರಿಯಲ್ಲಿ ದೀಪಗಳು ಎದುರಿನವರ ಕಣ್ಣು ಕುಕ್ಕುವುವು. ತೂಕದ ಮೂಟೆಗಳನ್ನು ಮುಂದಕ್ಕೂ ಕೆಳಕ್ಕೂ ಹೇರಿ, ಹಗುರಾದ ಮಟ್ಟೆಯನ್ನು ಮೇಲಿಟ್ಟು ಹಗ್ಗ ಬಿಗಿಯಬೇಕು. ಕಾಯಿ ಕೀಳುವವರನ್ನೂ ಹೊರುವವರನ್ನೂ ಸರಕಿನ ಮೇಲೆ ಎಂದಿಗೂ ಕೂಡಿಸಬಾರದು. ಗಾಡಿ ಮಗುಚಿದಲ್ಲಿ ಮೊದಲು ಪ್ರಾಣ ತೆರುವವರು ಅವರೇ.

ತೋಟದ ದಾರಿ ಕೊರಕಲಾಗಿದ್ದರೆ ಗಾಡಿಯನ್ನು ಎತ್ತರಿಸುವ ಬದಲು ದಾರಿಯನ್ನು ಸರಿಮಾಡಿಸುವುದು ಲೇಸು. ಗ್ರಾಮದ ಮುಖಂಡರು ಪಂಚಾಯತಿಯ ಮೂಲಕವಾಗಲಿ, ತೋಟದವರೆಲ್ಲರ ಕೂಡುದುಡಿಮೆಯಿಂದಾಗಲಿ ಮಳೆಗಾಲಕ್ಕೆ ಮುಂಚೆ ಕೊರಕಲುಗಳಿಗೆ ಗರಸು ತುಂಬಿಸಿ, ನೀರು ಹರಿಯಲು ಬದಿಗಾಲುವೆ ತೆಗೆಸಿದರೆ, ಒಬ್ಬರ ಗಾಡಿಗೆ ಮಾತ್ರವಲ್ಲದೆ ಊರಿನ ಗಾಡಿಗಳೆಲ್ಲಕ್ಕೂ ಅನುಕೂಲವಾಗುವುದು. ಸ್ಪ್ರಿಂಗುಗಳೂ ಬಹುಕಾಲ ಬಾಳುವುವು.