ನಕ್ಷೆಯ ಅಂಕೆಯೂ ತೋಟದ ಗಡಿಯೂ

ನೆರೆಕರೆಯಲ್ಲಿ ಗಡಿಯ ಮಾತು ಬಂದರೆ ಈಗ ಟೇಪಿಗಿಂತ ಮೊದಲು ಮೊಬೈಲು ಹೊರಬರುತ್ತದೆ. ಗೂಗಲ್ ನಕ್ಷೆಯಲ್ಲಿ ಎರಡು ಬಿಂದುಗಳನ್ನು ಗುರುತಿಸಿದರೆ ಸಾಕು, ದೂರವು ದಶಮಾಂಶ ಸಹಿತ ಮೀಟರುಗಳಲ್ಲಿ ಮೂಡುತ್ತದೆ. ದಶಮಾಂಶ ಕಂಡೊಡನೆ ನಾವು ನಂಬಿಬಿಡುತ್ತೇವೆ. ಲೆಕ್ಕವೇನೋ ಸರಿಯೇ, ಆದರೆ ಬಿಂದು ಸರಿಯಾದ ಸ್ಥಳದಲ್ಲಿದೆಯೇ?

ಬಯಲಿನಲ್ಲಿ ನಿಂತರೂ ಮೊಬೈಲಿನ ಜಿಪಿಎಸ್ ಸುಮಾರು 5 ಮೀಟರು ಆಚೀಚೆಯಾಗುವುದು ಸಹಜ. ಅಡಿಕೆ ಮರಗಳ ಎಡೆಯಲ್ಲಂತೂ ಕೇಳುವುದೇ ಬೇಡ. 40 ಮೀಟರು ಉದ್ದದ ಗಡಿಯೊಂದು ಅಷ್ಟು ಸರಿದರೆ 200 ಚದರ ಮೀಟರು, ಎಂದರೆ ಹೆಚ್ಚುಕಡಿಮೆ 5 ಸೆಂಟ್ಸು! ಅದಕ್ಕಿಂತ ಕಡಿಮೆ ಜಾಗಕ್ಕೂ ಅಣ್ಣತಮ್ಮಂದಿರು ಕೋರ್ಟು ಹತ್ತುವುದುಂಟು. ಉಪಗ್ರಹ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಕಾಣುವುದು ಮರದ ತಲೆ, ಬುಡದ ಗಡಿಕಲ್ಲಲ್ಲ.

ಕೇರಳದಲ್ಲಿ 2022ರಲ್ಲಿ ಆರಂಭವಾದ ಡಿಜಿಟಲ್ ಮರುಸರ್ವೆಯ ಮಾತು ಬೇರೆ. ಅಲ್ಲಿ ಬಳಸುವ ಆರ್‌ಟಿಕೆ ಯಂತ್ರವು ಸ್ಥಿರ ನೆಲೆಗಳಿಂದ ತಿದ್ದುಪಡಿ ಪಡೆದು ಕೆಲವೇ ಸೆಂಟಿಮೀಟರುಗಳ ವ್ಯತ್ಯಾಸದೊಳಗೆ ಸ್ಥಾನವನ್ನು ಗುರುತಿಸಬಲ್ಲದು. ಆದರೆ ಯಂತ್ರವನ್ನು ಎಲ್ಲಿ ಊರಬೇಕೆಂದು ತೋರಿಸಬೇಕಾದವರು ನಾವೇ. ಸರ್ವೆಯವರು ಬರುವ ಮುನ್ನ ಗಡಿಕಲ್ಲಿನ ಸುತ್ತಣ ಕಾಡು ಸವರಿ, ಹಳೆಯ ದಸ್ತಾವೇಜು ತೆಗೆದಿಟ್ಟು, ನೆರೆಯವರನ್ನೂ ಕರೆದು ಜತೆಗೆ ನಿಲ್ಲುವುದು ಲೇಸು. ದಾಖಲೆ ಮಲಯಾಳದಲ್ಲಿದ್ದರೆ ಬಲ್ಲವರಿಂದ ಪೂರ್ತಿ ಓದಿಸಿಕೊಂಡ ಮೇಲೆಯೇ ಸಹಿ ಹಾಕಬೇಕು.