ಡೇವಿ ಹಿಡಿದಿಟ್ಟ ತಿಪ್ಪೆಯ ಗಾಳಿ

1808ರ ಅಕ್ಟೋಬರ್ ತಿಂಗಳು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಾಧ್ಯಾಪಕ ಹಂಫ್ರಿ ಡೇವಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಹಿಂದಿನ ವರ್ಷವಷ್ಟೇ ವಿದ್ಯುತ್ ಹಾಯಿಸಿ ಪೊಟ್ಯಾಷಿಯಂ, ಸೋಡಿಯಂಗಳನ್ನು ಬೇರ್ಪಡಿಸಿ ಯುರೋಪಿನಲ್ಲೆಲ್ಲ ಹೆಸರಾಗಿದ್ದ. ಅಂಥವನು ಈಗ ಮೂರು ಪಿಂಟ್ ನೀರು ಹಿಡಿಯುವ, ಉದ್ದ ಮೂತಿಯ ಬುರುಡೆಯಂಥ ರಿಟಾರ್ಟಿನೊಳಕ್ಕೆ ತಿಪ್ಪೆಗೊಬ್ಬರ ತುಂಬಿದ. ದನದ ಸಗಣಿಯೂ ಕೊಟ್ಟಿಗೆಯ ಹುಲ್ಲೂ ಸೇರಿ ಕೊಳೆಯುತ್ತಿದ್ದ ಬಿಸಿ ಗೊಬ್ಬರ ಅದು. ರಿಟಾರ್ಟಿನ ಬಾಯಿಗೆ ಒಂದು ಪಾತ್ರೆ, ಅದರಾಚೆ ಪಾದರಸದ ಮೇಲೆ ಅನಿಲ ಹಿಡಿಯುವ ಸಾಧನ. ಜೋಡಿಸಿ ಕಾದ.

ಕೆಲವೇ ಗಂಟೆಗಳಲ್ಲಿ ಪಾತ್ರೆಯ ಒಳಮೈ ಬೆವೆತು ಹನಿಗಳು ಇಳಿಯತೊಡಗಿದವು. ಮೂರು ದಿನಕ್ಕೆ 35 ಘನ ಅಂಗುಲ ಅನಿಲ ಕೂಡಿತು. ಅದರಲ್ಲಿ 21 ಘನ ಅಂಗುಲ ಇಂಗಾಲದ ಡೈಆಕ್ಸೈಡ್. ಉಳಿದದ್ದು ಆತ ‘ಹೈಡ್ರೋಕಾರ್ಬೊನೇಟ್’ ಎಂದು ಕರೆದ, ಹೊತ್ತಿ ಉರಿಯುವ ಅನಿಲ. ಜೊತೆಗೆ ಪಾತ್ರೆಯಲ್ಲಿ ಮೊದಲೇ ಇದ್ದಿರಬಹುದಾದ ಒಂದಿಷ್ಟು ಸಾರಜನಕ. ಆ ಉರಿಯುವ ಅನಿಲವನ್ನೇ ಇಂದು ನಾವು ಮೀಥೇನ್ ಎನ್ನುತ್ತೇವೆ. ಪಾತ್ರೆಗೆ ಇಳಿದ ದ್ರವದ ರುಚಿ ಉಪ್ಪು, ವಾಸನೆ ಕೆಟ್ಟದ್ದು, ಅದರಲ್ಲಿ ಅಮೋನಿಯದ ಲವಣಗಳಿವೆ ಎಂದು ಬರೆದಿಟ್ಟ.

ಅಲ್ಲಿಗೇ ನಿಲ್ಲಲಿಲ್ಲ. ಇನ್ನೊಂದು ರಿಟಾರ್ಟಿಗೂ ಬಿಸಿ ಗೊಬ್ಬರ ತುಂಬಿ, ಅದರ ಮೂತಿಯನ್ನು ತೋಟದಂಚಿನ ಹುಲ್ಲಿನ ಬೇರುಗಳ ನಡುವೆ ಮಣ್ಣಿಗೆ ತೂರಿಸಿದ. ವಾರ ಕಳೆಯುವ ಮೊದಲೇ ಅಷ್ಟು ಜಾಗದ ಹುಲ್ಲು ಮಾತ್ರ ತೋಟದ ಬೇರೆಲ್ಲ ಹುಲ್ಲಿಗಿಂತ ಸೊಂಪಾಗಿ ಎದ್ದು ನಿಂತಿತು.

ಈ ಹುಲ್ಲಿನ ತೇಪೆಗಾಗಿಯೇ ಡೇವಿ ಇಷ್ಟೆಲ್ಲ ಮಾಡಿದ್ದು. ಇಂಗ್ಲೆಂಡಿನ ಕೃಷಿ ಮಂಡಳಿಗೆ ಆತ ವರ್ಷವರ್ಷವೂ ಉಪನ್ಯಾಸ ಕೊಡುತ್ತಿದ್ದ. ಗೊಬ್ಬರವನ್ನು ಪೂರ್ತಿ ಕೊಳೆಸಿ ಹೊಲಕ್ಕೆ ಹಾಕಬೇಕೋ, ಹಸಿಯಿರುವಾಗಲೇ ಹಾಕಬೇಕೋ ಎಂಬುದು ಅಲ್ಲಿನ ರೈತರ ವಾದ. ಕೊಳೆಯುವಾಗ ತಿಪ್ಪೆಯಿಂದ ಎದ್ದು ಹೋಗುವುದು ಬೆಳೆಯ ಪಾಲಿನ ಆಹಾರ ಎಂಬುದನ್ನು ಆ ಹುಲ್ಲು ಹೇಳಿತು. 1813ರಲ್ಲಿ ಅಚ್ಚಾದ ತನ್ನ ಕೃಷಿ ರಸಾಯನಶಾಸ್ತ್ರದ ಪುಸ್ತಕದಲ್ಲಿ ಆತ ರೈತರಿಗೆ ಎರಡು ಪರೀಕ್ಷೆ ಹೇಳಿಕೊಟ್ಟ. ಒಂದು, ತಿಪ್ಪೆಗೆ ಥರ್ಮಾಮೀಟರ್ ಚುಚ್ಚಿ. 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಕೂಡಲೇ ಗೊಬ್ಬರ ಹರಡಿ. ಇನ್ನೊಂದು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿದ ಕಾಗದವನ್ನು ತಿಪ್ಪೆಯ ಹಬೆಗೆ ಹಿಡಿಯಿರಿ. ದಟ್ಟ ಹೊಗೆಯೆದ್ದರೆ ಅಮೋನಿಯ ಹಾರಿಹೋಗುತ್ತಿದೆ ಎಂದರ್ಥ. ಬೆಳಗಿನ ಚಳಿಯಲ್ಲಿ ತಿಪ್ಪೆಯಿಂದ ಹಬೆ ಏಳುವುದನ್ನು ನೋಡಿದವರಿಗೆ ಆತ ಏನನ್ನು ಹಿಡಿಯಲು ಹೊರಟಿದ್ದ ಎಂಬುದು ಚೆನ್ನಾಗಿ ಅರ್ಥವಾಗುತ್ತದೆ.

ಮೀಥೇನ್ ಮಾತ್ರ ಒಂದೇ ಸಾಲಿನಲ್ಲಿ ಮುಗಿದುಹೋಯಿತು. ಅದು ಹೊಸದೇನೂ ಆಗಿರಲಿಲ್ಲ. 1776ರಲ್ಲೇ ಇಟಲಿಯ ಅಲೆಸಾಂಡ್ರೋ ವೋಲ್ಟಾ ಮಾಜ್ಜೊರೆ ಸರೋವರದ ಕೆಸರು ಕೆದಕಿ, ಮೇಲೆದ್ದ ಗುಳ್ಳೆಗಳನ್ನು ಹಿಡಿದು ಉರಿಸಿ ನೋಡಿದ್ದ. ಬೆಳೆಗೆ ಒದಗದ ಅನಿಲ ಗಾಳಿಗೆ ಸೇರಿದರೆ ಏನಾದೀತು ಎಂದು ಕೇಳುವ ಕಾಲ ಇನ್ನೂ ಬಂದಿರಲಿಲ್ಲ. ತಿಪ್ಪೆಯಿಂದ ಏಳುವ ಇನ್ನೊಂದು ಅನಿಲ ನೈಟ್ರಸ್ ಆಕ್ಸೈಡ್. ಅದನ್ನಂತೂ ಡೇವಿ 1799ರಲ್ಲಿ ಬ್ರಿಸ್ಟಲ್‌ನಲ್ಲಿ ತಾನೇ ಉಸಿರಾಡಿ ಪರೀಕ್ಷಿಸಿದ್ದ.

ಅನಿಲ ಗಾಳಿಗೆ ಸೇರಿದರೆ ಏನಾದೀತೆಂಬ ಪ್ರಶ್ನೆಗೆ ಉತ್ತರದ ಮೊದಲ ತುಂಡು ಹುಟ್ಟಿದ್ದು ಅದೇ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ. 1859ರಲ್ಲಿ ಅಲ್ಲಿ ಜಾನ್ ಟಿಂಡಾಲ್ ಕೊಳವೆಯಲ್ಲಿ ಒಂದೊಂದೇ ಅನಿಲ ತುಂಬಿ, ಅದು ಎಷ್ಟು ಶಾಖ ಹೀರುತ್ತದೆಂದು ಅಳೆಯತೊಡಗಿದ. ಜೌಗುನೆಲದ ಅನಿಲವೂ, ಅಂದರೆ ಮೀಥೇನ್, ನೈಟ್ರಸ್ ಆಕ್ಸೈಡೂ ಆ ಪಟ್ಟಿಗೆ ಸೇರಿದವು. 1948ರಲ್ಲಿ ಮಾರ್ಸೆಲ್ ಮಿಜೊಟ್ ಎಂಬ ವಿಜ್ಞಾನಿ ಸೂರ್ಯನ ಬೆಳಕಿನ ರೋಹಿತದಲ್ಲಿ ಮೀಥೇನ್‌ನ ಗುರುತು ಕಂಡ: ಅದು ನಮ್ಮ ವಾತಾವರಣದಲ್ಲೇ ಇತ್ತು. 1976ರಲ್ಲಿ ವಾಂಗ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಮೀಥೇನ್, ನೈಟ್ರಸ್ ಆಕ್ಸೈಡ್ ಎರಡೂ ಹೆಚ್ಚಿದರೆ ಭೂಮಿ ಬಿಸಿಯಾದೀತೆಂದು ಲೆಕ್ಕ ಹಾಕಿ ತೋರಿಸಿದರು.

ಆಮೇಲೆ ವಿಜ್ಞಾನಿಗಳ ಕಣ್ಣು ಮತ್ತೆ ಕೊಟ್ಟಿಗೆಯತ್ತ ತಿರುಗಿತು. ಮೀಥೇನ್ ಮಾಡುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಆಗದು. ಸಡಿಲವಾದ ಗುಡ್ಡೆಯೊಳಕ್ಕೆ ಗಾಳಿ ಅಷ್ಟಿಷ್ಟು ನುಗ್ಗುತ್ತದೆ. ನೀರು ಹಾಯಿಸಿ ತೊಳೆದು ಹೊಂಡಕ್ಕೆ ಬಿಟ್ಟ ಸಗಣಿಯೊಳಕ್ಕೆ ನುಗ್ಗುವುದಿಲ್ಲ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2006ರ ಮಾರ್ಗಸೂಚಿಯ ಪ್ರಕಾರ ಬಿಸಿ ಪ್ರದೇಶದಲ್ಲಿ ಸಗಣಿಯಿಂದ ಹುಟ್ಟಬಲ್ಲ ಮೀಥೇನ್‌ನಲ್ಲಿ ಗುಡ್ಡೆಯಿಂದ ಏಳುವುದು ಸುಮಾರು ನೂರಕ್ಕೆ 5 ಪಾಲು, ತೆರೆದ ಹೊಂಡದಿಂದ ಸುಮಾರು 80. ದನ ಅದೇ, ಸಗಣಿ ಅದೇ. ಕೂಡಿಡುವ ರೀತಿ ಬೇರೆ. ನೂರಾರು ದನಗಳ ಡೈರಿಗಳು ಕೆಲಸ ಹಗುರಾಗಲೆಂದು ನೀರಿನ ದಾರಿ ಹಿಡಿದದ್ದಕ್ಕೆ ಇಷ್ಟು ದೊಡ್ಡ ಬೆಲೆಯಿದೆ ಎಂಬುದು ನನ್ನನ್ನು ನಿಜಕ್ಕೂ ಕಾಡುತ್ತದೆ.

ಹೊಂಡಕ್ಕೆ ಮುಚ್ಚಳ ಹಾಕಿದರೆ ಅದೇ ಅನಿಲ ಉರುವಲಾಗುತ್ತದೆ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಗ್ರಾಮೀಣ ತಂತ್ರಜ್ಞಾನದ ‘ಅಸ್ತ್ರ’ ತಂಡದ ಕೆಲಸದಿಂದ, 1987ರ ಹೊತ್ತಿಗೆ ಊರಿನ ಸಗಣಿಯ ಅನಿಲ ಎಂಜಿನ್ ಓಡಿಸಿ ಕೊಳವೆಬಾವಿಯ ನೀರೆತ್ತಿತು, ಮನೆಗಳಿಗೆ ದೀಪ ಕೊಟ್ಟಿತು. ಸಗಣಿ ತಂದು ಹಾಕಿದ ಮನೆಗಳಿಗೆ ಅನಿಲ ತೆಗೆದ ಮೇಲೆ ಉಳಿದ, ಅವರವರ ಪಾಲಿನ ಬಗ್ಗಡ ಗೊಬ್ಬರವಾಗಿ ಹೊಲಕ್ಕೆ ಮರಳಿತು.